ವೀಸಾ ಇದ್ದರೂ ನಿಮ್ಮನ್ನು ತಡೆದದ್ದು ಏಕೆ?

ಪ್ರವಾಸಕ್ಕೆಂದು ಹೋದ ದೇಶವೊಂದರಲ್ಲಿ ವಿಮಾನ ಇಳಿದ ಕೂಡಲೇ ಇಮಿಗ್ರೇಷನ್ ಅಧಿಕಾರಿಗಳು ನನ್ನನ್ನು 4 ಗಂಟೆ ಕೂರಿಸಿಕೊಂಡಿದ್ದ ಸಂಗತಿ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಒಂದೇ: "ವೀಸಾ ಕೈಯಲ್ಲೇ ಇತ್ತಲ್ಲ, ಮತ್ತೆ ತಡೆದದ್ದು ಏಕೆ?"

ವೀಸಾ ಎಂಬುದು ಬಾಗಿಲಿನವರೆಗೆ ಬರಲು ಕೊಟ್ಟ ಅನುಮತಿಯಷ್ಟೇ. ಒಳಗೆ ಬಿಡುವ ಅಧಿಕಾರ ಕೌಂಟರಿನ ಹಿಂದೆ ಕುಳಿತವರದು. ಇದು ಯಾವುದೋ ಒಂದು ದೇಶದ ವಿಚಿತ್ರ ನಿಯಮವಲ್ಲ. ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿಯೆಂದು ಬಂದವನು ಅದನ್ನು ಮನವರಿಕೆ ಮಾಡಿಕೊಡುವ ತನಕ ಅಲ್ಲೇ ನೆಲೆಸಲು ಬಂದವನೆಂದೇ ಭಾವಿಸಲಾಗುತ್ತದೆ. ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಗಡಿಯಲ್ಲೂ ಬಂದ ಉದ್ದೇಶ, ಉಳಿಯುವ ಜಾಗ, ಖರ್ಚಿಗೆ ಬೇಕಾದ ಹಣ ಇವುಗಳನ್ನು ವೀಸಾ ಇದ್ದವರಿಂದಲೂ ಮತ್ತೊಮ್ಮೆ ಕೇಳಬಹುದು.

ನನ್ನ ಉತ್ತರಗಳು ಕೆಟ್ಟದಾಗಿದ್ದವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಎಷ್ಟು ದಿನ ಇರುತ್ತೀರಿ ಎಂದಾಗ, 11 ಗಂಟೆಗಳ ಪ್ರಯಾಣದ ಮಂಪರಿನಲ್ಲಿ, ಎರಡು ವಾರ ಎಂದುಬಿಟ್ಟೆ. ಹಿಂತಿರುಗುವ ಟಿಕೆಟ್ ಇದ್ದದ್ದು 19ನೆಯ ದಿನಕ್ಕೆ. ಹೋಟೆಲ್ ಕಾಯ್ದಿರಿಸಿದ್ದು ಮೂರೇ ರಾತ್ರಿಗೆ. ಉಳಿದ ದಿನಗಳು ಗೆಳೆಯನ ಮನೆಯಲ್ಲಿ ಎಂದೆನಾದರೂ, ಆ ಮನೆಯ ವಿಳಾಸವಿದ್ದ ಮೊಬೈಲಿನ ಬ್ಯಾಟರಿ ಮುಗಿದಿತ್ತು. ಅಧಿಕಾರಿ ಪಾಸ್‌ಪೋರ್ಟನ್ನು ತಮ್ಮಲ್ಲೇ ಇರಿಸಿಕೊಂಡು ಪಕ್ಕದ ಕೋಣೆಯತ್ತ ಬೆರಳು ತೋರಿಸಿದರು.

ಆ ಕೋಣೆಯಲ್ಲಿ ಇನ್ನೊಬ್ಬರು ಅವೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳಿದರು; ಹಿಂದಿನ ಮಾತಿಗೂ ಈಗಿನ ಮಾತಿಗೂ ಹೊಂದಿಕೆ ಇದೆಯೇ ಎಂದು ನೋಡುವುದೇ ಈ ಎರಡನೆಯ ವಿಚಾರಣೆಯ ಉದ್ದೇಶ. ಮೊಬೈಲನ್ನು ಅವರೇ ಚಾರ್ಜಿಗೆ ಹಾಕಿ, ನನ್ನಿಂದ ತೆರೆಸಿ, ಸಂದೇಶಗಳನ್ನು ಅನುವಾದದ ಆ್ಯಪ್ ಮೂಲಕ ಓದಿದರು. "ಬಂದುಬಿಡು, ಇಲ್ಲೇ ಏನಾದರೂ ಕೆಲಸ ನೋಡಿದರಾಯಿತು" ಎಂದು ಗೆಳೆಯ ಬರೆದಿದ್ದ. (ಆ್ಯಪ್‌ಗೆ ತಮಾಷೆ ತಿಳಿಯುವುದಿಲ್ಲ.) ಅಲ್ಲಿಂದ ಮುಂದಿನದೆಲ್ಲ ಆ ಒಂದು ಸಾಲಿನ ಸುತ್ತಲೇ ನಡೆಯಿತು: ನನ್ನ ಸಂಬಳವೆಷ್ಟು, ಮದುವೆಯೇಕೆ ಆಗಿಲ್ಲ, ರಜೆ ಮಂಜೂರಾದ ಪತ್ರವೆಲ್ಲಿ.

ಪ್ರಶ್ನೆ ಕೇಳಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅನುಮಾನ ಏನೆಂದು ಹೇಳದೆ, ಮನೆಗೆ ಒಂದು ಕರೆ ಮಾಡಲೂ ಬಿಡದೆ ಕೂರಿಸುವುದು ಕಾನೂನಿನ ಅಗತ್ಯವಲ್ಲ, ದರ್ಪ. ಷೆಂಗೆನ್ ನಿಯಮದಲ್ಲಿ ಪ್ರವೇಶ ನಿರಾಕರಿಸಿದರೆ ಕಾರಣವನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡಲೇಬೇಕು, ಮೇಲ್ಮನವಿಗೂ ಅವಕಾಶವಿದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ ಎಂಬುದು ಬೇರೆ ಮಾತು. ವಿಚಿತ್ರವೆಂದರೆ, ನಿರಾಕರಿಸಲ್ಪಟ್ಟವನಿಗೆ ಹೀಗೆ ಒಂದು ಕಾಗದವಾದರೂ ಸಿಗುತ್ತದೆ. ನನ್ನಂತೆ ಕೊನೆಗೆ ಒಳಗೆ ಬಿಡಿಸಿಕೊಂಡವನಿಗೆ ಅದೂ ಇಲ್ಲ. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ ಕೊಟ್ಟಾಗ, ತಡೆದದ್ದು ಏಕೆಂದು ನಾನೂ ಕೇಳಿದೆ. ಅಧಿಕಾರಿ ನನ್ನ ಹೆಗಲಾಚೆ ನೋಡಿ ಮುಂದಿನವರನ್ನು ಕರೆದರು.