ಸೋಮವಾರದ ರಜೆಗೆ ಕಾಯಬೇಡಿ

ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ನಾನು ಮ್ಯಾನೇಜರ್. ಬಂದವರನ್ನು ನಗುತ್ತಾ ಮಾತಾಡಿಸುವುದೇ ಕೆಲಸ. ಸ್ವಭಾವದಲ್ಲಿ ಮಾತ್ರ ಪಕ್ಕಾ ಇಂಟ್ರೋವರ್ಟ್, ಅಂದರೆ ಅಂತರ್ಮುಖಿ. ಹಾಗಂತ ಹೇಳಿದರೆ ಯಾರೂ ನಂಬುವುದಿಲ್ಲ. ನನಗೆ ಜನರ ಭಯವಿಲ್ಲ, ನಾಚಿಕೆಯೂ ಇಲ್ಲ. ಚೆನ್ನಾಗಿಯೇ ಮಾತಾಡುತ್ತೇನೆ. ಆಮೇಲೆ ಸುಸ್ತಾಗುತ್ತದೆ, ಅಷ್ಟೇ. ನಮ್ಮ ಜೀಪ್ ಡ್ರೈವರ್ ಇದಕ್ಕೆ ಪೂರ್ತಿ ಉಲ್ಟಾ. ಮಾಂದಲ್‌ಪಟ್ಟಿಗೆ ಜೀಪ್ ತುಂಬ ಜನರನ್ನು ಕರೆದುಕೊಂಡು ಹೋಗಿ ಬಂದ ಮೇಲೂ ಹರಟೆಗೆ ಜನ ಹುಡುಕುತ್ತಾನೆ. ಈ ಎರಡು ಬಗೆಯ ಸ್ವಭಾವಗಳ ಬಗ್ಗೆ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲೇ ಬರೆದಿದ್ದರು.

ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳು ಬರಲು ಶುರುವಾದರೆ ಭಾನುವಾರ ಮಧ್ಯಾಹ್ನದವರೆಗೆ ಬಿಡುವಿಲ್ಲ. ಸೋಮವಾರ ರಜೆ. ಮೊದಲೆಲ್ಲ ಆ ಒಂದು ದಿನದ ಮೇಲೇ ನನ್ನ ಆಸೆಯೆಲ್ಲ ಇರುತ್ತಿತ್ತು. ಆದರೆ ಸೋಮವಾರ ಬ್ಯಾಂಕ್, ರೇಷನ್, ಯಾರದೋ ಗೃಹಪ್ರವೇಶ. ಉಳಿದ ಹೊತ್ತಿನಲ್ಲಿ ಹಾಸಿಗೆ ಮೇಲೆ ಬಿದ್ದುಕೊಂಡು ವಾಟ್ಸಾಪ್ ಗ್ರೂಪ್ ನೋಡುವುದು. ಅಲ್ಲೂ ಇರುವುದು ಜನರೇ ಅಲ್ವಾ?

ಒಂದೇ ದಿನದ ರಜೆ ಸಾಲದು ಅನ್ನುವುದು ಕಾಫಿ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಎಷ್ಟು ಚೆನ್ನಾಗಿ ಬಿದ್ದರೂ ಕೆಲವು ವಾರದೊಳಗೆ ಇನ್ನೊಂದು ಮಳೆ ಬರದಿದ್ದರೆ ರೊಬಸ್ಟಾ ಕಾಫಿಯ ಕಾಯಿ ನಿಲ್ಲುವುದು ಕಷ್ಟ. ಒಂದೇ ದಿನ ಇಂಚುಗಟ್ಟಲೆ ಸುರಿದರೆ ಸಾಲದು. ವಿಶ್ರಾಂತಿಯೂ ಹಾಗೇ. ಕೆಲಸದ ದಿನದ ಒಳಗೇ ಸ್ವಲ್ಪ ಸ್ವಲ್ಪ ಸಿಗಬೇಕು.

ನಮ್ಮ ಕೆಲಸದಲ್ಲಿ ಆ ಜಾಗ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಚೆಕ್‌ಔಟ್, ಮಧ್ಯಾಹ್ನ ಒಂದಕ್ಕೆ ಚೆಕ್‌ಇನ್. ನಡುವೆ ರೂಮ್ ಕ್ಲೀನಿಂಗ್ ನಡೆಯುತ್ತಿರುತ್ತದೆ. ಆಗ ನಾನು ಬೆಡ್‌ಶೀಟ್ ಎಣಿಸಿಕೊಳ್ಳುತ್ತೇನೆ, ಸ್ಟೋರ್ ರೂಮಿನ ಲೆಕ್ಕ ಬರೆಯುತ್ತೇನೆ. ಫೋನ್ ಕೆಲಸದ ಹುಡುಗನ ಕೈಯಲ್ಲಿರುತ್ತದೆ. ಬೇರೆಯವರಿಗೆ ಬೋರ್ ಹೊಡೆಸುವ ಕೆಲಸ ಅದು. ನನಗೆ ಮಾತ್ರ ಮುಖದ ಬಿಗಿ ಸಡಿಲವಾಗುವುದೇ ಅಲ್ಲಿ. ಸುಮ್ನೆ ಕೂತರೆ ಯಾರಾದರೂ ಬಂದು ಮಾತಿಗೆಳೆಯುತ್ತಾರೆ. ಕೈಯಲ್ಲಿ ಕೆಲಸವಿದ್ದರೆ ಯಾರೂ ಬರುವುದಿಲ್ಲ. ಇದು ತುಂಬಾ ಉಪಯೋಗಕ್ಕೆ ಬರುವ ಗುಟ್ಟು.

ಇನ್ನೊಂದು, ಒಂದೇ ಮಾತನ್ನು ಮತ್ತೆ ಮತ್ತೆ ಆಡುವುದು ತಪ್ಪಬೇಕು. ದುಬಾರೆಯಲ್ಲಿ ಆನೆ ಸ್ನಾನ ಎಷ್ಟು ಹೊತ್ತಿಗೆ? ಅಬ್ಬಿ ಫಾಲ್ಸ್‌ಗೆ ದಾರಿ ಯಾವುದು? ತಲಕಾವೇರಿಗೆ ಹೋಗಿ ಊಟಕ್ಕೆ ವಾಪಸ್ ಬರಬಹುದಾ? ಪ್ರತಿ ಕಾರಿನವರೂ ಇದನ್ನೇ ಕೇಳುತ್ತಾರೆ. ಅವರ ತಪ್ಪೇನಿಲ್ಲ. ಎಲ್ಲದಕ್ಕೂ ಉತ್ತರ ಬರೆದು ಪ್ರತಿ ರೂಮಿನ ಬಾಗಿಲ ಹಿಂದೆ ಅಂಟಿಸಿದೆ. ತಲಕಾವೇರಿ ಮಡಿಕೇರಿಯಿಂದ ಸುಮಾರು 45 ಕಿಲೋಮೀಟರ್, ಘಾಟಿ ರಸ್ತೆ, ಅರ್ಧ ದಿನ ಬೇಕು, ಹೀಗೆ. ಈಗ ನನ್ನ ಹತ್ತಿರ ಬರುವವರು ಬೇರೆಯೇ ಪ್ರಶ್ನೆ ಕೇಳುತ್ತಾರೆ. ಕರಿಮೆಣಸಿನ ಬಳ್ಳಿಯನ್ನು ಸಿಲ್ವರ್ ಮರಕ್ಕೇ ಯಾಕೆ ಹಬ್ಬಿಸುತ್ತಾರೆ, ಕಡಂಬುಟ್ಟು (ಕೊಡಗಿನ ಅಕ್ಕಿ ಕಡುಬು) ಹೇಗೆ ಮಾಡುತ್ತಾರೆ ಅಂತ. ಒಬ್ಬರ ಜತೆ ಇಂಥ ಮಾತು ಅರ್ಧ ಗಂಟೆ ಆಡಿದರೂ ನನಗೆ ಸುಸ್ತಾಗುವುದಿಲ್ಲ.

ಯಾಕೆ ಅಂತ ಯೋಚಿಸಿದ್ದೇನೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಬಗ್ಗೆ ಬರೆಯುತ್ತಾ, ಕೆಲಸಕ್ಕಾಗಿ ಮನಸ್ಸಿನ ಭಾವನೆಯನ್ನು ಹತೋಟಿಯಲ್ಲಿಟ್ಟು ನಗುಮುಖದಲ್ಲಿರುವುದೂ ಒಂದು ದುಡಿಮೆಯೇ ಎಂದು ತೋರಿಸಿದ್ದರು. ನನ್ನ ಅನುಭವವೂ ಅದೇ. ನಿಜವಾದ ಮಾತು ಅಷ್ಟು ಭಾರವಲ್ಲ, ಹೊತ್ತುಕೊಂಡ ನಗು ಭಾರ.

ಕ್ಯಾಂಪ್‌ಫೈರ್ ಮಾತ್ರ ಕಷ್ಟದ್ದು. ಅಂತ್ಯಾಕ್ಷರಿ ನಡೆಸುವುದು ನನ್ನಿಂದಾಗದು ಎಂದು ಮಾಲೀಕರಿಗೆ ನೇರವಾಗಿ ಹೇಳಿದೆ. "ಗೆಸ್ಟ್ ಬೇಜಾರು ಮಾಡ್ಕೊಂಡ್ರೆ?" ಅಂದರು. ಆ ಡ್ರೈವರ್‌ಗೆ ಅದನ್ನು ವಹಿಸಿ, ನಾನು ಸೌದೆ ಒಟ್ಟುವುದು, ಬಾರ್ಬೆಕ್ಯೂ ನೋಡಿಕೊಳ್ಳುವುದು ಎಂದು ಒಪ್ಪಂದವಾಯಿತು. ಅವನಿಗೆ ಟಿಪ್ಸ್ ಜಾಸ್ತಿ ಸಿಗುತ್ತದೆ. ಸಿಗಲಿ ಬಿಡಿ. ಚಳಿಗೆ ಯಾರ ಮಗು ಮುದುರಿ ಕೂತಿದೆ, ಯಾವ ಅಜ್ಜಿಗೆ ಇನ್ನೊಂದು ಲೋಟ ಬೆಲ್ಲದ ಕಾಫಿ ಬೇಕು ಅನ್ನುವುದು ಪಕ್ಕದಲ್ಲಿ ನಿಂತವನಿಗೇ ಚೆನ್ನಾಗಿ ಕಾಣುತ್ತದೆ.

ಜೂನ್‌ನಿಂದ ಮಳೆ ಜೋರಾದರೆ ಗೆಸ್ಟ್ ಕಡಿಮೆ, ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಆಗ ನಮ್ಮಂಥವರಿಗೆ ಯಾರ ಸಲಹೆಯೂ ಬೇಡ.

ಸಲಹೆ ಬೇಕಾಗುವುದು ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ. ಹೋಗದಿದ್ದರೆ ನೆಂಟರು ಬಿಡುವುದಿಲ್ಲ. ಹೋದರೆ ಇನ್ನೊಂದು ವೀಕೆಂಡ್ ಇದ್ದ ಹಾಗೆ. ಸ್ಟೋರ್ ರೂಮಿನ ಗುಟ್ಟು ಅಲ್ಲೂ ನಡೆಯುತ್ತದೆ. ಹೋದ ತಕ್ಷಣ ಬಡಿಸಲು ನಿಂತುಬಿಡುತ್ತೇನೆ. ಪಲ್ಯದ ಬಕೆಟ್ ಹಿಡಿದವನನ್ನು ನಿಲ್ಲಿಸಿ ಸಂಬಳ ಎಷ್ಟು, ಮದುವೆ ಯಾವಾಗ ಅಂತ ಯಾರೂ ಕೇಳುವುದಿಲ್ಲ. "ನಮ್ಮ ಹುಡುಗ ಎಷ್ಟು ಚುರುಕು ನೋಡಿ" ಅಂತ ಅತ್ತೆ ಎಲ್ಲರೆದುರು ಹೊಗಳುತ್ತಾರೆ. ನಾನೂ ಹೌದು ಅನ್ನುವ ಹಾಗೆ ತಲೆಯಾಡಿಸಿ ಮುಂದಿನ ಎಲೆಗೆ ಹೋಗುತ್ತೇನೆ.