ಹೊಟ್ಟೆಪಾಡಿನ ವಾದ
ಇಂದು ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಫುಟ್‌ಪಾತಿನಲ್ಲಿ ಸೇವಂತಿಗೆ ಮಾರುವ ಅಜ್ಜಿಗೆ, ಬುಟ್ಟಿ ತೆಗೆಯುವಂತೆ ಯಾರೋ ಗದರಿದರು. ಮೊಳ ಹಾಕುತ್ತಿದ್ದ ಹೂವನ್ನು ಕೈಯಲ್ಲೇ ಹಿಡಿದುಕೊಂಡು ಅವರು, "ಹೊಟ್ಟೆಪಾಡು ಸ್ವಾಮಿ, ಇದನ್ನೂ ಬಿಟ್ಟರೆ ಬದುಕೋದು ಹೇಗೆ?" ಎಂದರು.

ಮುಂಬಯಿಯ ಫುಟ್‌ಪಾತ್ ನಿವಾಸಿಗಳ ತೆರವಿನ ವಿರುದ್ಧ ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತಿತರರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಜೀವದ ಹಕ್ಕನ್ನು ಕಾಯುವ ಸಂವಿಧಾನದ 21ನೇ ವಿಧಿಯಲ್ಲಿ ಜೀವನೋಪಾಯ ಎಂಬ ಪದವೇ ಇಲ್ಲ. ಜೀವವೆಂದರೆ ಬರಿಯ ಉಸಿರಾಟವೇ ಎಂಬ ನೀತಿಯ ಪ್ರಶ್ನೆಯನ್ನು ಕೇಳಿಕೊಳ್ಳದೆ, ದುಡಿಮೆಯ ದಾರಿಯನ್ನು ಕಿತ್ತುಕೊಳ್ಳುವುದು ಜೀವವನ್ನೇ ಕಿತ್ತುಕೊಂಡಂತೆ ಎಂಬ ತೀರ್ಮಾನಕ್ಕೆ ನ್ಯಾಯಮೂರ್ತಿಗಳು ಬರುವಂತಿರಲಿಲ್ಲ. ಫುಟ್‌ಪಾತಿನಲ್ಲಿ ಗುಡಿಸಲು ಹಾಕುವ ಹಕ್ಕನ್ನು ಕೇಳುವುದಿಲ್ಲವೆಂದು ನಿವಾಸಿಗಳ ಪರವಾಗಿ ಹೈಕೋರ್ಟಿನಲ್ಲಿ ಮೊದಲೇ ಒಪ್ಪಿಕೊಳ್ಳಲಾಗಿತ್ತು ಎಂಬ ಆಕ್ಷೇಪಕ್ಕೆ, ಮೂಲಭೂತ ಹಕ್ಕನ್ನು ಯಾರೂ ಹಾಗೆ ಬಿಟ್ಟುಕೊಡಲಾಗದು ಎಂದು ನ್ಯಾಯಮೂರ್ತಿಗಳು ಉತ್ತರಿಸಿದ್ದು ನನಗೆ ಇನ್ನೂ ದೊಡ್ಡ ಮಾತಾಗಿ ಕಾಣುತ್ತದೆ. ಹಕ್ಕೆಂಬುದು ಸರ್ಕಾರದ ದಾನವಾಗಿದ್ದರೆ ಹಿಂದಿರುಗಿಸಬಹುದಿತ್ತಲ್ಲ!

ಆದರೂ, ಮಳೆಗಾಲ ಕಳೆದು ಅಕ್ಟೋಬರ್ 31 ದಾಟಿದ ಮೇಲೆ ಗುಡಿಸಲುಗಳನ್ನು ತೆರವುಗೊಳಿಸಬಹುದೆಂದು ಹೇಳಿದ್ದೂ ಅದೇ ತೀರ್ಪು.

ಅಜ್ಜಿ ಬುಟ್ಟಿಯನ್ನು ಎರಡಡಿ ಹಿಂದಕ್ಕೆ ಎಳೆದುಕೊಂಡು, ನಿಲ್ಲಿಸಿದ್ದ ಮೊಳವನ್ನು ಮುಂದುವರಿಸಿದರು.