ಖಾಲಿಗೊಂದು ಅಂಕಣ

ಕಲಬುರಗಿಯಲ್ಲಿ ತಬಲಾ ಕಲಿಸುವ ಹಿರಿಯರೊಬ್ಬರು ಮನೆಯ ಹಿತ್ತಲಲ್ಲಿ ರಿಯಾಜಿನ ಕೋಣೆ, ಅದಕ್ಕೆ ಹೋಗಲು ಒಂದು ಮೊಗಸಾಲೆ ಕಟ್ಟಿಸಬೇಕೆಂದು ನನ್ನನ್ನು ಕರೆದರು. ಅವರದು ಒಂದೇ ಮಾತು: “ಹುಡುಗ್ರು ನಡಕೋತ ಬಂದ್ರ ತಾಳ ತಿಳೀಬೇಕ್ರಿ.” ನಕ್ಷೆಗೆ ಕೈ ಹಚ್ಚುವ ಮೊದಲು ಅವರನ್ನು ಕೋಟೆಯೊಳಗಿನ ಜಾಮಿ ಮಸೀದಿಗೆ ಕರೆದೊಯ್ದೆ.

ಸಂಗೀತವನ್ನು ಕಟ್ಟಡಕ್ಕೆ ತರಹೊರಟವರು ಮೊದಲು ಅಳತೆ ಹಿಡಿಯುತ್ತಾರೆ. ತಂತಿಯ ಅರ್ಧಕ್ಕೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲಿಗೆ ಪಂಚಮ. ಅದೇ ಅನುಪಾತವನ್ನು ಕೋಣೆಗೂ ಕೊಡಿ ಎಂದು 15ನೇ ಶತಮಾನದ ಇಟಲಿಯಲ್ಲಿ ವಾಸ್ತುಶಿಲ್ಪಿ ಆಲ್ಬರ್ಟಿ ಬರೆದ. 1367ರ ಈ ಮಸೀದಿ 216 ಅಡಿಗೆ 176 ಅಡಿ. ಲೆಕ್ಕ ಹಾಕಿದರೆ ಅದು ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಬೀಳುತ್ತದೆ. ಯಾವ ಸ್ವರದ ಮೇಲೂ ನಿಲ್ಲದ ಈ ಕಟ್ಟಡ ಹಾಡುವುದು ಮಾತ್ರ ನಿಜ. 1958ರ ಬ್ರಸೆಲ್ಸ್ ಮೇಳದ ಫಿಲಿಪ್ಸ್ ಮಂಟಪದಲ್ಲಿ ಸಂಗೀತ ರಚನೆಕಾರನೂ ಆಗಿದ್ದ ವಾಸ್ತುಶಿಲ್ಪಿ ಕ್ಸೆನಾಕಿಸ್ ವಾದ್ಯಗಳ ಜಾರುಸ್ವರಗಳನ್ನೇ ಬಾಗಿದ ಗೋಡೆಯಾಗಿಸಿದ್ದ. ಅದು ಕಣ್ಣಿಗೆ ಕಾಣುವ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಿಕೆ. ನನಗೆ ಬೇಕಿದ್ದದ್ದು ಕಾಲಿಗೆ ತಿಳಿಯುವ ಲಯ.

ಈ ಮಸೀದಿಯಲ್ಲಿ ಬಯಲು ಅಂಗಳವಿಲ್ಲ, ಇಡೀ ನೆಲಕ್ಕೆ ಸೂರು. ಅಂಚಿನ ಸಾಲುಗಳಲ್ಲಿ ಕಮಾನುಗಳು ಬಲು ಅಗಲ, ಗಿಡ್ಡ ಕಂಬಗಳ ಮೇಲಿಂದಲೇ ಬಾಗುತ್ತವೆ. ಗುರುಗಳು ತೊಡೆಯ ಮೇಲೆ ಮೆಲ್ಲಗೆ ತಾಳದ ಮಾತ್ರೆ ಹಾಕುತ್ತ ನಡೆದರು. ಒಂದು ಕಮಾನಿನಿಂದ ಇನ್ನೊಂದಕ್ಕೆ ವಿಲಂಬಿತ, ನಿಧಾನದ ಲಯ. ಒಳಸಾಲಿಗೆ ತಿರುಗಿದ್ದೇ ಕಂಬಗಳು ಒತ್ತೊತ್ತಾದವು, ತಲೆಯ ಮೇಲೆ ಸಣ್ಣ ಗುಮ್ಮಟಗಳು ಒಂದರ ಹಿಂದೊಂದು. ನಡಿಗೆ ಬದಲಾಗಲಿಲ್ಲ, ಕಂಬ ಮಾತ್ರ ಬೇಗ ಬೇಗ ಬಂತು. “ದುಗುನ್ ಆತಲ್ರಿ!” ಎಂದು, ಲಯ ಇಮ್ಮಡಿಯಾಯಿತೆಂಬಂತೆ, ನಿಂತುಬಿಟ್ಟರು. ಪಶ್ಚಿಮದ ದೊಡ್ಡ ಗುಮ್ಮಟದ ಕೆಳಗೆ ಮಾಡು ಒಮ್ಮೆಲೇ ಮೇಲೆದ್ದಾಗ ಇಬ್ಬರ ಕೊರಳೂ ಮೇಲಕ್ಕೆ ಹೋಯಿತು. ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದಾಗ ಕೇಳುಗರ ತಲೆ ತೂಗುವುದಕ್ಕೆ ಯಾರೂ ಹೇಳಿಕೊಡಬೇಕಿಲ್ಲವಲ್ಲ, ಹಾಗೆ.

ಹೊರಗೆ ಬಂದು ಕೂತಾಗ ಅವರು ಕೇಳಿದರು: “ಸಾಹೇಬ್ರ, ಪೆಟ್ಟು ಕಟ್ತೀರಿ, ಸರಿ. ಖಾಲಿ ಹೆಂಗ ಕಟ್ತೀರಿ? ರೂಪಕದಾಗ ಸಮ್ ಮ್ಯಾಲೇ ಖಾಲಿ ಅದ.”

ಖಾಲಿ ಎಂದರೆ ತಾಳದಲ್ಲಿ ಪೆಟ್ಟಿಲ್ಲದೆ ಕೈ ಬೀಸುವ ಜಾಗ. ನಕ್ಷೆ ಹುಟ್ಟಿದ್ದು ಆ ಪ್ರಶ್ನೆಯಿಂದ. ಮೊಗಸಾಲೆಗೆ ರೂಪಕ ತಾಳವನ್ನೇ ಹಿಡಿದೆವು: ಏಳು ಮಾತ್ರೆ, ಮೂರು-ಎರಡು-ಎರಡು. ಮಾತ್ರೆಗೆ ನಾಲ್ಕು ಅಡಿ ಇಟ್ಟರೆ ಅಂಕಣಗಳು (ಕಂಬಗಳ ನಡುವಿನ ಪಾಲುಗಳು) 12, 8, 8 ಅಡಿ. ಮೊದಲ ಮೂರು ಮಾತ್ರೆಗಳ ‘ತೀಂ ತೀಂ ನಾ’ ನುಡಿಯುವಾಗ ಎಡಗೈಯ ಡಗ್ಗಾ ಸುಮ್ಮನಿರುತ್ತದೆ. ‘ಧೀಂ ನಾ’ ಬಂದಾಗ ಮಂದ್ರ ತುಂಬಿಕೊಳ್ಳುತ್ತದೆ. ಹಾಗಾಗಿ ಮೊದಲ ಅಂಕಣಕ್ಕೆ ಸೂರೇ ಇಲ್ಲ. ಬಾಗಿಲು ದಾಟಿದವರ ಸಪ್ಪಳ ಆಕಾಶಕ್ಕೆ ಹೋಗಲಿ. ಮುಂದಿನ ಎರಡಕ್ಕೆ ತಗ್ಗಾದ ಇಟ್ಟಿಗೆ ಕಮಾನು, ಅಲ್ಲಿ ಅದೇ ಸಪ್ಪಳ ದಪ್ಪವಾಗಿ ಮರಳಿ ಬರುತ್ತದೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲಿನ ಪರಸಿ, ಪ್ರತಿ ಮಾತ್ರೆಗೆ ಒಂದು ಸಂದು.

ಗುರುಗಳು ಒಪ್ಪಿದ್ದಾರೆ. ಮಳೆನೀರು ಹೋಗಲು ಬಯಲು ಅಂಕಣಕ್ಕೆ ಇಳಿಜಾರು ಬೇಕು. ಮಕ್ಕಳ ನಡಿಗೆಯ ಲಯ ಕೆಡದಂತೆ ಅದನ್ನು ಎಷ್ಟಿಡಬೇಕೆಂಬ ಲೆಕ್ಕ ಈಗ ಗೌಂಡಿಯ ಜೊತೆ ನಡೆದಿದೆ.